ಅಂಚಿನ ಚುಕ್ಕೆಗಳು

ಮಫು ಮಾಸ್ತರರ ಬಲಗೈ ಮೇಜಿನ ಮೇಲಿಟ್ಟರೆ
ಸಮನಾಗಿ ಕೂರುವುದಿಲ್ಲ.
ಉಂಗುರದ ಬೆರಳು ಹರಾರೆಯಲ್ಲಿ ಮುರಿದದ್ದು,
ನಡುಬೆರಳು ಗಾಲ್‌ನಲ್ಲಿ,
ಕಿರುಬೆರಳು ಎಲ್ಲಿ ಅನ್ನೋದು ಅವರಿಗೂ ಮರೆತಿದೆ.
ಹೆಬ್ಬೆರಳೊಂದು ನೆಟ್ಟಗಿದೆ. ಅದರ ಬಲದಲ್ಲೇ ಚಹದ ಲೋಟ.

ಏಳು ಟೆಸ್ಟು. ವಿಕೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ
ಒಟ್ಟು ಎಷ್ಟು ಗಂಟೆ ಕೂತೆ, ಲೆಕ್ಕ ಹಾಕು ಅಂದರು ಒಮ್ಮೆ.
ಸ್ಕೋರು ಬರೆಯುವವ ನಾನು, ಹಾಕಿಕೊಟ್ಟೆ.
"ಅಷ್ಟೇನಾ? ಮಂಡಿ ಬೇರೆ ಹೇಳುತ್ತದಲ್ಲ."

ಆಮೇಲೆ ಕೋಚು.
ಮೊದಲು ಬಂಗಲೆಗಳ ಕಡೆಯ ಶಾಲೆ, ಜಕರಂಡಾ ನೆರಳು,
ಹುಲ್ಲಿಗೆ ದಿನಾ ನೀರು, ನಮ್ಮ ನಲ್ಲಿಗೆ ವಾರಕ್ಕೆರಡು ದಿನ.
ಅಲ್ಲಿ ಅವರು ಸಹಾಯಕರಿಗೆ ಸಹಾಯಕ:
ಚೆಂಡು ಎಸೆಯುವುದು, ಚೆಂಡು ಹೆಕ್ಕುವುದು.
ಆಮೇಲೆ ವಿಂಡ್‌ಹುಕ್. ಎರಡು ವರ್ಷದ ಕರಾರು,
ಹದಿನಾಲ್ಕನೆಯ ತಿಂಗಳಿಗೆ ಸಂಬಳ ನಿಂತಿತು.
ಬುಲವಾಯೊ ಬಸ್ಸಿಳಿದಾಗ ಕಂಕುಳಲ್ಲಿ
ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟು, ಲೆವೆಲ್ ಎರಡು.

ಲುವೆವೆಯಲ್ಲಿ ನಾವು ಹನ್ನೊಂದು ಜನ ಇರಲಿಲ್ಲ.
ಏಳು ಹುಡುಗರು, ಮೂರು ಹುಡುಗಿಯರು,
ಮೈದಾನ ತನ್ನದೆಂದು ನಂಬಿದ್ದ ಒಂದು ಕತ್ತೆ.
ಮೊದಲ ದಿನ ಸಾಲಾಗಿ ನಿಲ್ಲಿಸಿ,
"ಬಿಡಿ" ಅಂದರು.
ಏನು ಸಾರ್?
"ಚೆಂಡು ಕೈಗೇ ಬರುತ್ತೆ. ಬಿಡಿ."
ಬಿಟ್ಟೆವು. ಕೆಂಪು ಧೂಳಿಗೆ ಟಪ್ ಟಪ್ ಎಂದು
ಮಾಗಿದ ಮರೂಲಾ ಹಣ್ಣಿನ ಹಾಗೆ ಬಿದ್ದವು.
ಬಿಟ್ಟವರು ಕೈ ನೋಡಿಕೊಳ್ಳುವ ಹಾಗಿಲ್ಲ,
ಸೂರ್ಯನನ್ನು ಬೈಯುವ ಹಾಗಿಲ್ಲ,
ಹಲ್ಲು ಕಿರಿಯುವ ಹಾಗೂ ಇಲ್ಲ.
ಮಂಡಿ ಮಡಚಿ ಮುಂದಿನ ಚೆಂಡಿಗೆ ಕೂರಬೇಕು.
ಹಿಡಿಯುವ ಪಾಠ ಬಂದದ್ದು ಮೂರನೆಯ ವಾರಕ್ಕೆ.

ನನಗದು ಬರಲೇ ಇಲ್ಲ.
ಹದಿನೈದು ವಯಸ್ಸು. ಪಕ್ಕಕ್ಕೆ ಕರೆದು,
"ವೂಸಾ, ನಿನ್ನ ಕಾಲು ಕಣ್ಣಿಗಿಂತ ತಡ,
ಅಕ್ಷರ ಮಾತ್ರ ದುಂಡಗಿದೆ" ಎಂದು
ಸ್ಕೋರು ಪುಸ್ತಕ ಕೈಗಿಟ್ಟರು.
ಆ ಸಂಜೆ ಅವರ ಸೈಕಲ್ಲಿನ ಗಾಳಿ ತೆಗೆದವನು ನಾನೇ.
ಈಗ ಇಪ್ಪತ್ತೆರಡು ವರ್ಷ. ವಾರವೆಲ್ಲ ಕೋಂಬಿ ಓಡಿಸುತ್ತೇನೆ,
ಶನಿವಾರ ಪೆನ್ಸಿಲು.

ಆ ಪುಸ್ತಕದಲ್ಲಿ ಎಲ್ಲಕ್ಕೂ ಮನೆಯುಂಟು:
ವೈಡಿಗೆ, ನೋಬಾಲಿಗೆ, ಕಾಲಿಗೆ ತಗುಲಿ ಓಡಿದ ಒಂದು ರನ್ನಿಗೆ.
ಕೈಬಿಟ್ಟ ಕ್ಯಾಚಿಗೆ ಇಲ್ಲ.
ಕೈಗೆ ಬಂದು ಬಾಯಿಗೆ ಬಾರದ್ದು ಎಲ್ಲಿ ಹೋಗಬೇಕು?
ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ, ಯಾರಿಗೂ ಹೇಳದೆ.

ಮಫು ಅವರದೂ ಒಂದಿದೆ.
ಏಳನೆಯ ಟೆಸ್ಟು, ಕೊನೆಯ ದಿನ, ಚಹಕ್ಕೆ ಮುಂಚೆ.
ಎಷ್ಟೆತ್ತರ ಬಂದಿತ್ತು, ಯಾವ ಕಡೆ ಜಾರಿತು,
ನಮ್ಮ ಕ್ಷೌರದವನಿಗೂ ಗೊತ್ತು.
ಅವರ ತಲೆ ಮುಂದಿರುವಾಗ ಮಾತ್ರ
ಅವನು ಕತ್ತರಿಯ ಸದ್ದೊಂದೇ ಮಾಡುತ್ತಾನೆ.

ಕಳೆದ ಶನಿವಾರ ತಾಂಡೆಕಿಲೆ,
ಆಯ್ಕೆಗಾರರು ಬಿಳಿ ಕುರ್ಚಿ ಹಾಕಿ ಕೂತಿರುವಾಗಲೇ,
ಸುಲಭದ್ದೊಂದನ್ನು ಬಿಟ್ಟಳು.
ಮಫು ಪಂದ್ಯ ನೋಡುವವರಲ್ಲ.
ಮರಕ್ಕೆ ಬೆನ್ನು, ರಸ್ತೆಗೆ ಮುಖ; ಕೇಳುತ್ತಾರೆ.
ಅಂಗೈಗೆ ಬಿದ್ದರೆ ಗ್ಲೌಸಿಗೊಂದು ಸದ್ದು,
ಬೆರಳ ತುದಿಗಾದರೆ ಇನ್ನೊಂದು.
ಅವರ ಭುಜ ಕದಲಿತು.
ಅವಳು ಕೈ ನೋಡಿಕೊಳ್ಳಲಿಲ್ಲ. ಮಂಡಿ ಮಡಚಿದಳು.

ಸಂಜೆ ಕೋಂಬಿಯ ಮುಂದಿನ ಸೀಟಲ್ಲಿ ಪುಸ್ತಕ ತೆರೆದು
ಸೊಟ್ಟ ಬೆರಳು ಓಡಿಸಿದರು.
"ಅಂಚಿಗೆಲ್ಲ ಇದೇನೋ, ಇರುವೆ ಹರಿದ ಹಾಗೆ?"
ಹೇಳಿದೆ.
ರೈಲ್ವೆ ಗೇಟು ಹಾಕಿತ್ತು. ಕಲ್ಲಿದ್ದಲ ಬೋಗಿಗಳು
ಒಂದಾದ ಮೇಲೊಂದು, ಮುಗಿಯುವಂತೆ ಕಾಣಲಿಲ್ಲ.
ಪೆನ್ಸಿಲು ಕೇಳಿದರು.
ಮೊದಲ ಪುಟಕ್ಕೆ ಹೋಗಿ, ಮೊದಲ ತಾರೀಖಿಗೂ ಮೇಲೆ
ಒಂದನ್ನು ಒತ್ತಿದರು. ಮೊನೆ ಮುರಿಯಿತು.
"ಗೇಟು ತೆಗೆದ, ಹೊರಡು" ಅಂದರು.
ಹಿಂದೆ ಹುಡುಗಿಯರು ಸುಟ್ಟ ಜೋಳದ ತೆನೆಗೆ ಜಗಳಾಡುತ್ತಿದ್ದರು.